ತೊಳೆದು ಬಂದ ಸೀಸೆ

"ಅಲ್ಲಾಡಿಸಬೇಡ ಮಾರಾಯ್ತಿ. ತಳಕ್ಕೆ ಅಂಟ್ಕೊಂಡಿದೆ, ಬಿದ್ದೋದೀತು," ಎಂದಳು ಹೆಸ್ಟರ್ ವೂಲಿ.

ಕಣಿವೆಯ ಪೊಲೀಸ್ ಸಾರ್ಜೆಂಟ್ ಲೋರ್ನಾ ಪೈಬಸ್ ಸೀಸೆಯನ್ನು ಸೂರ್ಯನಿಗೆ ಎತ್ತಿ ಹಿಡಿದಳು. ಬಿಯರಿನ ಹಳೇ ಸೀಸೆ, ದಟ್ಟ ಕಂದು ಗಾಜು. ಬೆಳಕಿಗೊಡ್ಡಿ ಒಂದು ಕಣ್ಣು ಮುಚ್ಚಿ ನೋಡಿದರೆ ಮಾತ್ರ ಒಳಗಿದ್ದದ್ದು ಅರ್ಧಂಬರ್ಧ ಕಾಣುತ್ತಿತ್ತು. ತಳದಲ್ಲಿ ಉಗುರಿನ ತುದಿಯಷ್ಟು ಒಂದು ಬಿಳಿಯ ಚೂರು. ಕತ್ತಿನಲ್ಲಿ ಕೆಂಪು ಉಣ್ಣೆಯ ದಾರ.

ಕೆಂಪು ದಾರ ಎಂದರೆ ಕ್ಲೆಮ್ ಡ್ರೈಸ್‌ಡೇಲ್. ಕೆಳಗಿನ ಸೇಬಿನ ತೋಟದ ಆ ಒಂಟಿ ಮನುಷ್ಯ ಸತ್ತು ವಾರವಾಗಿರಲಿಲ್ಲ. ಅವನ ರಕ್ತದಲ್ಲಿ ಫಾಕ್ಸ್‌ಗ್ಲವ್ ಗಿಡದ ವಿಷ ಸಿಕ್ಕಿತ್ತು. ಮೈಯ ಕೊಳೆ ತೆಗೆಯುತ್ತದೆಂದು ಹೆಸ್ಟರ್ ಮಾರುವ ಡಿಟಾಕ್ಸ್ ನೀರು ಕುಡಿದೇ ಸತ್ತ ಎಂದು ಹೋಬಾರ್ಟ್ ನಗರದ ಪತ್ತೆದಾರರು ತೀರ್ಮಾನಿಸಿಯಾಗಿತ್ತು. ನಾಳೆ ಬೆಳಗ್ಗೆ ಅವಳನ್ನು ಕರೆದೊಯ್ಯಲು ಅವರು ಬರುವವರಿದ್ದರು.

"ಇದು ಯಾವಾಗ ಬಂತು?"

"ಅವನು ಸತ್ತ ಸುದ್ದಿ ಬಂತಲ್ಲ, ಆ ಬೆಳಗ್ಗೆ. ಗೇಟಿನ ಪೆಟ್ಟಿಗೇಲಿತ್ತು. ಮಿಕ್ಕ ಖಾಲಿ ಸೀಸೆಗಳ ಜೊತೆ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೆದರಿಕೆ ಆಯ್ತು." ಹೆಸ್ಟರ್ ಗಮ್‌ಬೂಟಿನ ತುದಿಯಿಂದ ಹುಲ್ಲನ್ನು ಕೆದಕಿದಳು. "ತೊಳೆದಿತ್ತು ಕಣೇ. ಕ್ಲೆಮ್ ಯಾವತ್ತೂ ಸೀಸೆ ತೊಳೆದವನಲ್ಲ."

ಫರ್ನ್‌ಗೇಟ್ ಕಣಿವೆಯಲ್ಲಿ ಬಾಗಿಲು ಬಡಿದು ಯಾರೂ ಏನನ್ನೂ ಮಾರುವುದಿಲ್ಲ. ಮೊಟ್ಟೆಯೋ, ಜಾಮೋ, ಕುಂಬಳಕಾಯಿಯೋ ಗೇಟಿನ ಪಕ್ಕದ ತಗಡಿನ ಗೂಡಿನಲ್ಲಿರುತ್ತದೆ. ಬೇಕಾದವರು ತೆಗೆದುಕೊಂಡು ದುಡ್ಡು ಡಬ್ಬಿಗೆ ಹಾಕಿ ಹೋಗುತ್ತಾರೆ. ಹೆಸ್ಟರಳ ಗೂಡಿನಲ್ಲಿ ಸೀಸೆಗಳು. ಸೇಬಿನ ವಿನೆಗರು, ಬೀಟ್‌ರೂಟು, ಶುಂಠಿ, ಪಾಲಕ್ಕು ಎಲ್ಲ ಒಂದೇ ಪಾತ್ರೆಯಲ್ಲಿ ಸೇರುತ್ತಿದ್ದವು. ಸೀಸೆಗೆ ತುಂಬಿದ ಮೇಲೆ ಒಂದೊಂದಕ್ಕೂ ಕಾಮ್‌ಫ್ರೀ ಎಂಬ ಔಷಧಿ ಗಿಡದ ಒಂದೊಂದು ಎಲೆ. ಎಲ್ಲರೂ ಅದನ್ನು 'ಹೆಸ್ಟರಳ ಹಸಿರು' ಎನ್ನುತ್ತಿದ್ದರು. ಒಬ್ಬೊಬ್ಬರ ಸೀಸೆಗೂ ಒಂದೊಂದು ಬಣ್ಣದ ದಾರ. ಖಾಲಿಯಾದ ಮೇಲೆ ತೊಳೆದು ತಂದಿಡಬೇಕು. ತೊಳೆಯದೆ ತಂದವರ ಬಗ್ಗೆ ಚರ್ಚಿನ ಅಂಗಳದಲ್ಲಿ ಮಾತು ಹುಟ್ಟುತ್ತಿತ್ತು.

"ಪ್ರತಿ ವಾರ ಬೈತಿದ್ದೆ," ಎಂದಳು ಹೆಸ್ಟರ್. "ಹಂದಿಗೂ ನಿನಗೂ ಏನಯ್ಯಾ ವ್ಯತ್ಯಾಸ ಅಂತ. ಅವನು ಟೊಪ್ಪಿ ತೆಗೆದು ಕೈಯಲ್ಲಿ ಹಿಡ್ಕೊಂಡು ಬೈಸ್ಕೊಳ್ಳೋನು. ಮುಂದಿನ ವಾರ ಮತ್ತೆ ಹಾಗೇ. ಬೈಸ್ಕೊಳ್ಳೋಕೇ ಹಾಗೆ ತರ್ತಾನೆ ಅಂತ ನಂಗೆ ಬಹಳ ತಡವಾಗಿ ಗೊತ್ತಾಯ್ತು. ಇಡೀ ವಾರದಲ್ಲಿ ಅವನ ಜೊತೆ ಮಾತಾಡ್ತಿದ್ದೋಳು ನಾನೊಬ್ಬಳೇ."

ಲೋರ್ನಾ ಗೇಟಿನ ಗೂಡಿನ ಕಡೆ ನೋಡಿದಳು. ನೀಲಿ ದಾರದ ಸೀಸೆ ಅವಳದು. ಠಾಣೆಯ ಹಿಂದಿನ ಮನೆಯಲ್ಲಿ ಒಬ್ಬಳೇ ಇರುವ ಅವಳು ವಾರವಾರವೂ ಅದನ್ನು ಒಯ್ದು ಜೆರೇನಿಯಂ ಕುಂಡಕ್ಕೆ ಸುರಿಯುತ್ತಿದ್ದಳು. ಮುಂದಿನ ವಾರ ತಪ್ಪದೆ ಮತ್ತೆ ಬರುತ್ತಿದ್ದಳು.

"ಒಂದು ಮಾತು ಹೇಳ್ತೀನಿ, ಬೈಬೇಡ," ಎಂದಳು ಹೆಸ್ಟರ್. "ಎರಡು ವಾರದ ಹಿಂದೆ ಬಂದಿದ್ದ. ಓಕರಿಕೆ ಬರತ್ತೆ, ದೀಪದ ಸುತ್ತ ಹಳದಿ ಕಾಣತ್ತೆ ಅಂದ. ನಾನೇನಂದೆ ಗೊತ್ತಾ? ಒಳ್ಳೇದಾಯ್ತು, ಒಳಗಿನ ಕೊಳೆ ಹೊರಗೆ ಬರ್ತಿದೆ, ಬಿಡದೆ ಕುಡಿ ಅಂದೆ. ಎಲ್ಲರಿಗೂ ಹಾಗೇ ಹೇಳ್ತಿದ್ದೆ. ಅವನಿಗೂ ಹಾಗೇ ಹೇಳ್ಬಿಟ್ಟೆ."

ಅವಳ ಎಡಗಣ್ಣಿನಲ್ಲಿ ಹಾಲಿನ ಕೆನೆಯಂಥ ಪೊರೆ. ನೀರಿನ ತೊಟ್ಟಿಯ ಪಕ್ಕದಲ್ಲಿ ಕಾಮ್‌ಫ್ರೀ ದಟ್ಟವಾಗಿ ಬೆಳೆದಿತ್ತು. ಅದರಾಚೆ ಬೇಲಿಯ ಉದ್ದಕ್ಕೂ ಯಾರೂ ನೆಡದ ಫಾಕ್ಸ್‌ಗ್ಲವ್. ವಸಂತದಲ್ಲಿ ಗಂಟೆಹೂ ಬಿಟ್ಟಾಗ ಮಗುವಾದರೂ ಗುರುತಿಸೀತು. ಹೂವಿಲ್ಲದ ಈ ತಿಂಗಳಲ್ಲಿ ಎರಡೂ ಬರೀ ಎಲೆ.

"ಕಣ್ಣು ಹೋದ್ರೂ ಬೆರಳಿದೆ," ಎಂದು ಹೆಸ್ಟರ್ ಎರಡೆರಡು ಎಲೆ ಕಿತ್ತು ಲೋರ್ನಾಳ ಅಂಗೈಗಿಟ್ಟಳು. "ಉಜ್ಜಿ ನೋಡು. ಕಾಮ್‌ಫ್ರೀ ಅಂದ್ರೆ ಹಸುವಿನ ನಾಲಿಗೆ, ಒರಟು. ಇನ್ನೊಂದು ಕುರಿಮರಿ ಕಿವಿ. ನಾನು ತಪ್ಪಿದ್ದೀನಿ ಅಂತ ನಂಗನ್ನಿಸಲ್ಲ. ಆದ್ರೆ ಆಣೆ ಇಡು ಅಂದ್ರೆ ಇಡಲಾರೆ. ಅದೇ ನೋಡು ನನ್ನ ನಿದ್ದೆ ಕೆಡಿಸಿರೋದು."

ಲೋರ್ನಾ ಅವಳನ್ನು ಒಳಗೆ ಕೂರಿಸಿ ಒಲೆಗೆ ಸೌದೆ ಹಾಕಿದಳು. ಅಡುಗೆಮನೆ ಬೋಳು ಬೋಳಾಗಿತ್ತು. ಹೋಬಾರ್ಟಿನವರು ಪಾತ್ರೆ, ಜಾಡಿ, ಸೀಸೆ ಎಲ್ಲ ಹೊತ್ತೊಯ್ದಿದ್ದರು. ಇಡೀ ಮನೆಯಲ್ಲಿ ಹಸಿರಿನ ಒಂದು ತೊಟ್ಟೂ ಉಳಿದಿರಲಿಲ್ಲ.

"ನನ್ನ ಕರ್ಕೊಂಡು ಹೋದ್ರೆ ಕುರಿಗಳ ಗತಿ?" ಎಂದಳು ಹೆಸ್ಟರ್.

"ಇವತ್ತಿನ ದಿನ ಇನ್ನೂ ಮುಗಿದಿಲ್ಲ," ಎಂದಳು ಲೋರ್ನಾ.

*

ಕ್ಲೆಮ್‌ನ ತೋಟಕ್ಕಂಟಿದ ತೋಟ ನೆವಿಲ್ ಟ್ರಿಫಿಟ್‌ನದು. ಸೇಬಿನ ಸುಗ್ಗಿ ಮುಗಿದಿತ್ತು. ಖಾಲಿ ಮರದ ತೊಟ್ಟಿಗಳನ್ನು ಅವನು ಕೊಟ್ಟಿಗೆಯ ಮುಂದೆ ಒಂದರ ಮೇಲೊಂದು ಪೇರಿಸುತ್ತಿದ್ದ. ಕ್ಲೆಮ್‌ನ ಒಡ್ಡಿನ ನೀರಿಗಾಗಿ ಇಬ್ಬರಿಗೂ ಅಪ್ಪಂದಿರ ಕಾಲದಿಂದ ಜಗಳ. ಹತ್ತು ವರ್ಷದಿಂದ ನೇರ ಮಾತಿರಲಿಲ್ಲ. ಮಾತಾಡಬೇಕಾದರೆ ನಾಯಿಗೆ ಹೇಳಿದಂತೆ ಹೇಳುತ್ತಿದ್ದರು.

"ಬಾಮ್ಮಾ ಸಾರ್ಜೆಂಟ್. ನನ್ನ ಕೈಗೆ ಬೇಡಿ ಹಾಕೋಕೆ ಬಂದ್ಯಾ? ಸ್ವಲ್ಪ ತಡಿ, ಇದೊಂದು ಸಾಲು ಮುಗಿಸ್ತೀನಿ."

"ನಿನ್ನ ಸೀಸೆ ತೋರಿಸು ನೆವಿಲ್."

ಹಳದಿ ದಾರದ ಸೀಸೆ ಕಿಟಕಿಯಲ್ಲಿತ್ತು, ಖಾಲಿ. ಒಳಗೆ ಏನೋ ಗಲಗಲ ಎಂದಿತು.

"ಬಾತುಕೋಳಿ ಹೊಡೆಯೋ ಕೋವಿ ಚರೆ," ಎಂದ ನೆವಿಲ್. "ನೀರು ಹಾಕಿ ಕುಲುಕಿದ್ರೆ ಒಳಗಿನ ಪಾಚಿ ಎಲ್ಲ ಹೋಗತ್ತೆ. ನಮ್ಮಜ್ಜ ಹೀಗೇ ಮಾಡ್ತಿದ್ದ."

"ಅದು ಸೀಸ. ನಿಮ್ಮಜ್ಜ ಎಷ್ಟು ವರ್ಷ ಬದುಕಿದ್ದ?"

"ಸಾಯೋವರೆಗೂ." ನೆವಿಲ್ ತನ್ನ ಮಾತಿಗೆ ತಾನೇ ನಕ್ಕ. "ಹೆಸ್ಟರಳ ಹಸಿರು ಕುಡಿದು ಯಾರಿಗೆ ಏನಾಯ್ತಮ್ಮ? ನನ್ನ ಎದೆಯುರಿ ಹೋಯ್ತು ಅಂತ ಅವಳ ಹತ್ರ ಹೇಳ್ತೀನಿ. ನಿಜ ಹೇಳ್ಬೇಕಂದ್ರೆ ರಾತ್ರಿ ಊಟ ಆದ್ಮೇಲೆ ಬಿಯರ್ ಬಿಟ್ಟೆ, ಅಷ್ಟೇ. ಮುದುಕಿಗೆ ಬೇಜಾರಾಗ್ಬಾರ್ದು ನೋಡು."

ಚರೆಗೂ ಆ ಬಿಳಿ ಚೂರಿಗೂ ಸಂಬಂಧವಿರಲಿಲ್ಲ. ಲೋರ್ನಾ ಹೊರಡಲು ತಿರುಗಿದಳು.

"ಒಂದು ಮಾತು," ಎಂದ ನೆವಿಲ್ ಹಿಂದಿನಿಂದ. "ಹೆಸ್ಟರಳಿಗೆ ಉಪಯೋಗ ಆಗೋದಾದ್ರೆ ಬರ್ಕೋ. ಕ್ಲೆಮ್ ಸಾಯೋ ಹಿಂದಿನ ಮಧ್ಯಾಹ್ನ ಟ್ರ್ಯಾಕ್ಟರಲ್ಲಿ ರಸ್ತೇಲಿ ಹೋಗ್ತಿದ್ದೆ. ಅವನ ಜಗಲಿ ಕಟಕಟೆ ಮೇಲೆ ಕೆಂಪು ದಾರದ ಸೀಸೆ ಇತ್ತು. ಕತ್ತಿನವರೆಗೂ ತುಂಬಿತ್ತು. ಒಂದು ಗುಟುಕೂ ಕುಡಿದಿರಲಿಲ್ಲ ಅವನು."

ಲೋರ್ನಾ ಗಕ್ಕನೆ ನಿಂತಳು. "ಇದನ್ನ ಅವರಿಗೆ ಯಾಕೆ ಹೇಳ್ಲಿಲ್ಲ?"

"ಯಾರು ಕೇಳಿದ್ರು? ಒಡ್ಡಿನ ಜಗಳ ಎಷ್ಟು ವರ್ಷದ್ದು ಅಂತ ಮಾತ್ರ ಕೇಳಿದ್ರು." ಅವನು ಕೈಗವಸು ಕಳಚಿದ. "ಸಂಜೆ ಹೆಸ್ಟರಳಿಗೆ ಒಂದಿಷ್ಟು ಸೂಪು ಕೊಟ್ಟು, ಒಲೆಗೆ ಸೌದೆ ಹಾಕಿ ಬರ್ತೀನಿ. ನಾಳೆ ಅವರು ಬರೋ ಹೊತ್ತಿಗೆ ಅವಳ ಹೊಟ್ಟೇಲಿ ಏನಾದ್ರೂ ಇರ್ಲಿ, ಪಾಪ."

ದಾರಿಯುದ್ದಕ್ಕೂ ಲೋರ್ನಾಳ ಮನಸ್ಸು ಹಗುರಾಗಿತ್ತು. ಸೀಸೆ ತುಂಬಿತ್ತು ಎಂದರೆ ಕ್ಲೆಮ್ ಅದನ್ನು ಕುಡಿದಿರಲಿಲ್ಲ. ಮರುದಿನ ಬೆಳಗ್ಗೆಯೊಳಗೆ ಯಾರೋ ಅದನ್ನು ಸುರಿದು, ಎಲೆ ತೆಗೆದು, ತೊಳೆದು ತಂದಿಟ್ಟಿದ್ದರು. ಸೀಸೆಯಲ್ಲಿ ಎಲೆ ಉಳಿದಿದ್ದರೆ ಅದು ಒರಟು ಎಲೆ ಎಂದು ಯಾರು ಬೇಕಾದರೂ ಬೆರಳಿಂದ ಉಜ್ಜಿ ಹೇಳುತ್ತಿದ್ದರು. ಹೆಸ್ಟರ್ ಪಾರಾಗುತ್ತಿದ್ದಳು. ಸೀಸೆ ತೊಳೆದವರು ವಿಷವನ್ನು ಅಡಗಿಸಲಿಲ್ಲ. ಅದರಲ್ಲಿ ವಿಷವಿರಲಿಲ್ಲ ಎಂಬುದನ್ನು ಅಡಗಿಸಿದರು.

ಆದರೂ ಆ ಕೈ ಸೀಸೆಯನ್ನು ಹೊಳೆಗೆಸೆಯಲಿಲ್ಲ. ತೊಳೆದು, ಗೇಟಿನವರೆಗೂ ಹೊತ್ತು, ಪೆಟ್ಟಿಗೆಯಲ್ಲಿಟ್ಟು ಹೋಯಿತು. ಪಟ್ಟಣದವರಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಇನ್ನೊಬ್ಬರ ಸೀಸೆಯನ್ನು ಇಟ್ಟುಕೊಳ್ಳುವುದು, ಕೊಳೆಯಾಗಿ ಹಿಂದಿರುಗಿಸುವುದು ಎರಡೂ ಈ ಕಣಿವೆಯವರ ಕೈಯಲ್ಲಾಗದ ಕೆಲಸ.

*

ವಿನ್ ಗಾಫ್ನಿ ಕಣಿವೆಯ ನರ್ಸು. ಲೋರ್ನಾಳಿಗೆ ಇಡೀ ಊರಿನಲ್ಲಿ ಹೇಳದೆ ಕೇಳದೆ ಒಳಗೆ ಹೋಗಬಹುದಾದ ಮನೆ ಅದೊಂದೇ. ಗುರುವಾರ ಸಂಜೆ ಇಬ್ಬರೂ ಇಸ್ಪೀಟು ಆಡುತ್ತಿದ್ದರು. ಸೋತವರು ಟೀ ಮಾಡಬೇಕು. ಸಾಮಾನ್ಯವಾಗಿ ಲೋರ್ನಾಳೇ ಮಾಡುತ್ತಿದ್ದಳು.

"ಇವತ್ತು ಗುರುವಾರ ಅಲ್ಲವಲ್ಲ," ಎಂದಳು ವಿನ್. ಆದರೂ ಕೆಟಲ್ ಇಟ್ಟಳು.

"ಒಂದು ನಿಜ ಹೇಳು ವಿನ್. ಹೆಸ್ಟರಳ ಹಸಿರಿನಿಂದ ಯಾರಿಗಾದ್ರೂ ಒಳ್ಳೇದಾಗಿದೆಯಾ?"

ವಿನ್ ಮೂಗಿನಲ್ಲೇ ನಕ್ಕಳು. "ನಿನ್ನ ಲಿವರ್ರು ಹಗಲೂ ರಾತ್ರಿ ಅದೇ ಕೆಲಸ ಮಾಡ್ತಿದೆ, ಪುಕ್ಕಟೆ. ಮಿಕ್ಕಿದ್ದು ಮೂತ್ರಪಿಂಡದ್ದು. ಬೀಟ್‌ರೂಟ್ ನೀರು ಹೋಗಿ ಅವಕ್ಕೆ ಪಾಠ ಹೇಳ್ಬೇಕಾಗಿಲ್ಲ. ಕೊಳೆ ಹೊರಗೆ ಬರತ್ತೆ ಅಂತಾರಲ್ಲ, ಯಾವ ಕೊಳೆ ಅಂತ ಕೇಳು, ಒಬ್ಬರ ಹತ್ರವೂ ಉತ್ತರ ಇರಲ್ಲ. ಆ ಕಾಮ್‌ಫ್ರೀ ಅಂತೂ ಲಿವರಿಗೇ ಶತ್ರು. ಗಾಯದ ಮೇಲೆ ಕಟ್ಕೋ, ಹೊಟ್ಟೆಗೆ ಹಾಕಬೇಡ ಅಂತ ಅವಳಿಗೆ ಬಡ್ಕೊಂಡು ಬಡ್ಕೊಂಡು ಸಾಕಾಯ್ತು."

"ಆದ್ರೂ ಕ್ಲೆಮ್‌ನ ಹೊಟ್ಟೆ ಸರಿಹೋಗಿತ್ತು. ಅವನೇ ಹೇಳಿದ್ದ."

"ಹೋಗಿತ್ತು." ವಿನ್ ಕಪ್ಪುಗಳನ್ನು ಇಳಿಸಿದಳು. "ಅಲ್ಲೀವರೆಗೂ ಅವನು ಚಾಪ್ಸು, ಬಿಳಿ ಬ್ರೆಡ್ಡು, ಕಪ್ಪು ಟೀ ಬಿಟ್ಟು ಬೇರೇನನ್ನೂ ನೋಡಿದವನಲ್ಲ. ಹಸಿರು ತರೋಕೆ ಅಂತ ಆ ಗುಡ್ಡ ಹತ್ತಿ ಇಳಿದ. ನೀರು ಕುಡಿದ. ಸೊಪ್ಪು ತಿನ್ನು ಅಂತ ಹೆಸ್ಟರ್ ಬೈದ್ಲು, ತಿಂದ. ಯಾರೋ ಒಬ್ಬರು ತನ್ನ ಹೊಟ್ಟೆ ಹೇಗಿದೆ ಅಂತ ಕೇಳ್ತಾರೆ ಅನ್ನೋದೇ ಕೆಲವರಿಗೆ ಔಷಧಿ ಕಣೇ. ಸೀಸೆ ಬರೀ ನೆಪ."

ಲೋರ್ನಾ ನಗಲು ಹೋದಳು. ಅಷ್ಟರಲ್ಲಿ ಅವಳ ಕಣ್ಣು ಒಲೆಯ ಮೇಲಿನ ಹಲಗೆಗೆ ಬಿತ್ತು. ಎನಾಮೆಲ್ ಬಟ್ಟಲಲ್ಲಿ ಒಣಗಿದ ಮೊಟ್ಟೆಚಿಪ್ಪು, ಕೈಯಲ್ಲಿ ಪುಡಿಮಾಡಿದ್ದು. ಕಣಿವೆಯಲ್ಲಿ ಇದು ಯಾರ ಮನೆಯಲ್ಲಾದರೂ ಇರುತ್ತದೆ. ಕೋಳಿಗಳಿಗೆ ಹಾಕುತ್ತಾರೆ.

ಆದರೆ ವಿನ್‌ಗೆ ಕೋಳಿಗಳಿರಲಿಲ್ಲ. ಹೋದ ಚಳಿಗಾಲದಲ್ಲಿ ಕಾಡುಬೆಕ್ಕಿನಂಥ ಚುಕ್ಕೆಯ ಕ್ವಾಲ್ ಒಂದು ಕೋಳಿಗೂಡಿಗೆ ನುಗ್ಗಿ ಎಲ್ಲವನ್ನೂ ಕೊಂದುಹಾಕಿತ್ತು. ಗುಂಡಿ ತೋಡಿ ಹೂತವಳು ಲೋರ್ನಾಳೇ.

ಅವಳು ಕೋಟಿನ ಜೇಬಿನಿಂದ ಕೆಂಪು ದಾರದ ಸೀಸೆ ತೆಗೆದು ಮೇಜಿನ ಮೇಲಿಟ್ಟಳು. ಕೆಟಲ್ ಕುದಿಯತೊಡಗಿತು. ಇಬ್ಬರಲ್ಲಿ ಯಾರೂ ಅದನ್ನು ಇಳಿಸಲಿಲ್ಲ.

"ಸಣ್ಣ ಬಾಯಿಯ ಸೀಸೆ," ಎಂದಳು ಲೋರ್ನಾ. "ಪುಡಿ ಚಿಪ್ಪು, ಬಿಸಿನೀರು ಹಾಕಿ ಕುಲುಕಿದ್ರೆ ಚೊಕ್ಕ ಆಗತ್ತೆ. ಅಲ್ವಾ?"

"ನಮ್ಮಮ್ಮ ಕಲಿಸಿದ್ದು."

"ಸೋಮವಾರದಿಂದ ಕ್ಲೆಮ್‌ನ ಮನೆ ಕಡೆ ಹೋಗಿಲ್ಲ ಅಂದಿದ್ದೆ ನೀನು. ನನ್ನ ಎದುರಿಗೇ ಕೂತು ಹೇಳಿದ್ದೆ. ಇದೇ ಕುರ್ಚಿಯಲ್ಲಿ."

ವಿನ್ ಕಿಟಕಿಯ ಕಡೆ ತಿರುಗಿದಳು. ಹೊರಗೆ ಗುಡ್ಡದ ನೆರಳು ಕಣಿವೆಯನ್ನು ಅರ್ಧ ನುಂಗಿತ್ತು.

"ನಾನು ಸೀಸೆ ತೊಳೆಯೋವಾಗ ಕ್ಲೆಮ್ ಬದುಕಿದ್ದ ಲೋರ್ನಾ. ಸೀಸೆ ಹಿಡ್ಕೊಂಡು ಇಲ್ಲಿಗೇ ಬಂದಿದ್ದ, ಇದೇ ಮೇಜಿನ ಹತ್ರ ಕೂತು ನೋಡ್ತಿದ್ದ. ತೊಳೀ ಅಂದೋನು ಅವನೇ."

"ಯಾಕೆ?"

ವಿನ್ ಎದ್ದಳು. ಕಪಾಟಿನ ಮೇಲಿನಿಂದ ಜಾಮಿನ ಒಂದು ಜಾಡಿ ಇಳಿಸಿದಳು. ತಳದಲ್ಲಿ ಒಂದು ಎಲೆ, ಕಪ್ಪಾಗಿ ಸುಕ್ಕಾಗಿತ್ತು. "ಸೀಸೆಯಲ್ಲಿದ್ದದ್ದು. ಎಸೆಯೋಕೆ ಮನಸ್ಸು ಬರ್ಲಿಲ್ಲ. ಮುಟ್ಟಿ ನೋಡು."

ಲೋರ್ನಾ ಎಲೆಯನ್ನು ಹೆಬ್ಬೆರಳಿಂದ ಉಜ್ಜಿದಳು. ಮೆತ್ತಗಿತ್ತು. ಕುರಿಮರಿಯ ಕಿವಿಯಂತೆ.

ದಾರಿಯಲ್ಲಿ ಅವಳು ಕಟ್ಟಿಕೊಂಡು ಬಂದದ್ದೆಲ್ಲ ಕುಸಿಯಿತು.

"ಅವನಿಗೆ ಮೊದಲು ಗೊತ್ತಾಗಿರಲಿಲ್ಲ," ಎಂದಳು ವಿನ್. ದನಿ ಒಣಗಿತ್ತು. "ಆವತ್ತು ಮಧ್ಯಾಹ್ನ ಸೀಸೆ ಬಿಚ್ಚಿದಾಗ ಎಲೆಯ ತುದಿ ಬಾಯಿಗೆ ಬಂತಂತೆ. ಮುಟ್ಟಿದ ತಕ್ಷಣ ತಿಳೀತು. ಎಷ್ಟು ವಾರದಿಂದ ಇದನ್ನೇ ಕುಡೀತಿದ್ನೋ. ಆ ವಿಷ ಮೈಯಲ್ಲಿ ಕೂಡ್ತಾ ಕೂಡ್ತಾ ಹೋಗತ್ತೆ. ನಾಡಿ ಹಿಡಿದೆ, ತಡವರಿಸ್ತಿತ್ತು. ಈಗಲೇ ಆಸ್ಪತ್ರೆಗೆ ನಡಿ ಅಂದೆ. ಬೆಳಗ್ಗೆ ಬರ್ತೀನಿ, ಮೊದಲು ಇದನ್ನ ತೊಳೆದು ಗೇಟಲ್ಲಿ ಇಟ್ಟು ಬಾ ಅಂದ. ಹೆಸ್ಟರಳ ಕಣ್ಣು ಹೋಗಿದೆ ಅಂತ ಯಾರಿಗೂ ಗೊತ್ತಾಗ್ಬಾರ್ದು, ಅವಳಿಗಂತೂ ಗೊತ್ತಾಗ್ಲೇಬಾರ್ದು ಅಂತ ಮಾತು ತಗೊಂಡ. ಕೊಟ್ಟೆ. ಬೆಳಗ್ಗೆ ಕಾರು ತಗೊಂಡು ಹೋದ್ರೆ..."

"ಅವಳಿಗೆ ಗೊತ್ತಾಗ್ಬಾರ್ದು ಅಂತ ಸುಮ್ಮನಿದ್ದೆ. ಈಗ ಅವಳನ್ನೇ ಹಿಡ್ಕೊಂಡು ಹೋಗ್ತಿದ್ದಾರೆ."

"ಎಲೆ ತೋರಿಸಿದ್ರೆ ಬಿಟ್ಬಿಡ್ತಾರಾ? ಅದು ಅವಳ ಮೇಲಿನ ಸಾಕ್ಷಿ ಕಣೇ, ಅವಳ ಪರ ಅಲ್ಲ."

ಲೋರ್ನಾ ಕೂತಳು. ಮೇಜಿನ ಆಚೆ ಬದಿಯಲ್ಲಿ ಅವಳ ಒಬ್ಬಳೇ ಸ್ನೇಹಿತೆ, ಈಚೆ ಬದಿಯಲ್ಲಿ ಆ ಎಲೆ. ನಾಳೆ ಇದನ್ನು ಒಪ್ಪಿಸಿದರೆ ಹೆಸ್ಟರ್ ಉಳಿಯುವುದಿಲ್ಲ. ಅಡಗಿಸಿದರೆ ತಾನು ಪೊಲೀಸಾಗಿ ಉಳಿಯುವುದಿಲ್ಲ. ಎರಡರಲ್ಲಿ ಯಾವುದಾದರೂ ಗುರುವಾರದ ಇಸ್ಪೀಟು ಇನ್ನಿಲ್ಲ.

ಅವಳು ಎಲೆಯನ್ನು ಮತ್ತೊಮ್ಮೆ ಉಜ್ಜಿ ನೋಡಿದಳು.

"ವಿನ್, ಹೋಬಾರ್ಟಿನವರು ಕೇಳಿದ್ರು ಅಂತ ಕಣಿವೆಯಲ್ಲಿ ಇನ್ನೂ ಖಾಲಿಯಾಗದ ಸೀಸೆಗಳನ್ನ ಮನೆಮನೆಗೆ ಹೋಗಿ ತಂದೋಳು ನಾನು. ಎಲ್ಲದರಲ್ಲೂ ಒರಟು ಎಲೆ. ಒಂದಾದ್ರೂ ತಪ್ಪಿರಲಿಲ್ಲ."

"ಹೂಂ?"

"ಕಣ್ಣು ಕಾಣದ ಕೈ ತಪ್ಪಿದ್ರೆ ಯಾರ ಸೀಸೆಗಾದ್ರೂ ಬೀಳಬೇಕಿತ್ತು. ಒಂದು ವಾರ ನಂದು, ಒಂದು ವಾರ ನಿಂದು. ವಾರವಾರವೂ ಕೆಂಪು ದಾರವನ್ನೇ ಹುಡುಕ್ಕೊಂಡು ಹೋಗಿ ಬೀಳತ್ತಾ?"

ವಿನ್‌ಳ ಕೈ ಬಾಯಿಗೆ ಹೋಯಿತು.

ಗೇಟಿನ ಗೂಡಿಗೆ ಬೀಗವಿಲ್ಲ, ಕಾವಲಿಲ್ಲ. ದಾರದ ಬಣ್ಣ ಇಡೀ ಕಣಿವೆಗೆ ಗೊತ್ತು. ಒಂದು ಎಲೆ ತೆಗೆದು ಇನ್ನೊಂದು ಹಾಕಲು ಎಷ್ಟು ಹೊತ್ತು ಬೇಕು? ಹೆಸ್ಟರ್ ತಪ್ಪಿರಲಿಲ್ಲ. ಇಲ್ಲದ ತಪ್ಪನ್ನು ಮುಚ್ಚಲು ಹೋಗಿ ಆ ಒಂಟಿ ಮನುಷ್ಯ ಆಸ್ಪತ್ರೆ ಸೇರಬಹುದಾಗಿದ್ದ ತನ್ನ ಕೊನೆಯ ರಾತ್ರಿಯನ್ನು ಕಳೆದುಕೊಂಡಿದ್ದ.

ಲೋರ್ನಾ ಮೇಜಿನ ಮೇಲಿದ್ದ ಸೀಸೆಯನ್ನು ನೋಡಿದಳು. ಹೊರಗಿನ ಕೊನೆಯ ಬೆಳಕು ಅದರ ಮೇಲೆ ಬಿದ್ದಿತ್ತು. ಕಂದು ಗಾಜು. ಒಂದು ಮೊಳ ದೂರದಿಂದಲೂ ಒಳಗೇನಿದೆ, ಎಷ್ಟಿದೆ ಎಂದು ಕಾಣುತ್ತಿರಲಿಲ್ಲ.

ಕತ್ತಿನವರೆಗೂ ತುಂಬಿತ್ತು ಎಂದಿದ್ದ ನೆವಿಲ್. ರಸ್ತೆಯಿಂದ, ಟ್ರ್ಯಾಕ್ಟರಿನ ಮೇಲಿಂದ ನೋಡಿದ್ದನಂತೆ. ಆ ಸೀಸೆಯನ್ನು ಕೈಯಲ್ಲಿ ಹಿಡಿಯದವನಿಗೆ ಅದು ಗೊತ್ತಾಗುವಂತಿರಲಿಲ್ಲ.

ಅವಳು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಗೋಡೆಯ ಫೋನಿನಲ್ಲಿ ಹೆಸ್ಟರಳ ಮನೆಯ ನಂಬರು ಒತ್ತಿದಳು. ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಮುದುಕಿ ಫೋನಿನ ಪಕ್ಕದಲ್ಲೇ ಕೂರುವವಳು. ಯಾರಾದರೂ ಮಾಡುತ್ತಾರೇನೋ ಎಂದು ದಿನವೆಲ್ಲ ಕಾಯುವವಳು. ಎರಡನೇ ಗಂಟೆಗೇ ಎತ್ತುತ್ತಿದ್ದಳು.

ಕೊನೆಗೆ ಯಾರೋ ಎತ್ತಿದರು.

"ಸಾರ್ಜೆಂಟಾ?" ನೆವಿಲ್‌ನ ದನಿ. ಹಿತವಾಗಿ, ಮೆಲ್ಲಗೆ ಮಾತಾಡಿದ. "ಸ್ವಲ್ಪ ಮೆಲ್ಲಗೆ ಮಾತಾಡಮ್ಮ, ಈಗಷ್ಟೇ ಮಲಗಿದ್ಲು. ಸೂಪು ಬೇಡ ಅಂದ್ಲು. ಅವಳದೇ ಹಸಿರು ಒಂದು ಲೋಟ ಕುಡಿಸಿದೆ. ಓಕರಿಸಿದ್ಲು, ಪಾಪ. ಒಳ್ಳೇದೇ ಅಲ್ವಾ, ಕೊಳೆ ಹೊರಗೆ ಬರ್ತಿದೆ ಅಂದೆ."

ಆ ಮನೆಯಲ್ಲಿ ಹಸಿರಿನ ಒಂದು ತೊಟ್ಟೂ ಇರಲಿಲ್ಲ.